ಬನ್ನಿಗೆ ಒಡ್ಡಿದ ಕೈ

“ನಿನ್ನ ಫೋನಿನಾಗ ನನಗ ಜಾಗಾ ಇಲ್ಲಲ್ಲ, ಅದಕ್ಕ ಮನೀಗೇ ಬಂದೆ,” ಎಂದು ಅಂಕಿತಾ ಬನ್ನಿ ಎಲೆ ಚಾಚಿದಳು. ಬಾಗಿಲಲ್ಲಿ ನಿಂತ ಭಾಗ್ಯಾ ಬನ್ನಿಯ ಫೋಟೊವನ್ನು ಗೆಳತಿಯರಿಗೆಲ್ಲ ಕಳಿಸುತ್ತಿದ್ದಳು, ಕೆಳಗೆ, ಬನ್ನಿ ಕೊಟ್ಟು ತಗೊಳ್ಳುವಾಗ ಹೇಳುವ ‘ಬಂಗಾರದಂಗ ಇರೂಣು’ ಎಂಬ ಮಾತು ಬರೆದು. ತನ್ನ ರೀಲಿಗೆ ನಗುವ ಇಮೋಜಿ ಹಾಕಿದಳೆಂದು ಯುಗಾದಿಯಲ್ಲೇ ತಾನು ಬ್ಲಾಕ್ ಮಾಡಿದ್ದ ಗೆಳತಿ, ಈ ದಸರೆಗೆ ಮಲ್ಲಸಮುದ್ರದಿಂದ ಬಂದು ಎದುರಿಗೆ ನಿಂತಿದ್ದಾಳೆ.

ಭಾಗ್ಯಾ ತಲೆಯೆತ್ತದೆ ಎಡಗೈ ಒಡ್ಡಿದಳು. ಬಲಗೈಯಲ್ಲಿ ಮೊಬೈಲಿತ್ತು.

ಅಂಕಿತಾ ಎಲೆ ಬಿಡಲಿಲ್ಲ. “ಎಡಗೈಲೆ ಬನ್ನಿ ತಗೋತಾರೇನ ಲೇ?”

ಮೊಬೈಲು ಗುಂಯ್‌ಗುಡುತ್ತಲೇ ಇತ್ತು. ಭಾಗ್ಯಾ ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಬೆವರಿದ್ದ ಬಲಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಚಾಚಿದಳು.

“ಬಂಗಾರದಂಗ ಇರೂಣು,” ಎಂದಳು. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಆ ದಿನ ಅದೇ ಮೊದಲು.