ರೈಲ್ವೆ ಬದಿಯ ಪೆನಾಲ್ಟಿ

ರೆಫರಿ ರೈಲ್ವೆ ಹಳಿಯ ಬದಿಯ ಗೋಲಿನ ಮುಂದಿರುವ ಬಿಳಿ ಚುಕ್ಕೆಯತ್ತ ಕೈ ತೋರಿಸಿದ. ಪೆನಾಲ್ಟಿ. ಹಾರ್ಕ್‌ಫರ್ಡ್ ಟೌನ್ ಕ್ಲಬ್ಬಿನ ಮೈದಾನದಲ್ಲಿ ಕೂತವರೆಲ್ಲ ಎದ್ದು ನಿಂತರು. ಋತುವಿನ ಕೊನೆಯ ಪಂದ್ಯ, ಮುಗಿಯುವ ಹೊತ್ತು. ಗೋಲು ಬಿದ್ದರೆ ಕ್ಲಬ್ಬು ಉಳಿಯುತ್ತದೆ, ಬೀಳದಿದ್ದರೆ ಕೆಳಗಿನ ಡಿವಿಷನ್‌ಗೆ ಉರುಳುತ್ತದೆ.

ಚೆಂಡು ಗೆಥಿನ್ ಪ್ರೋಸರ್‌ನ ಕೈಯಲ್ಲಿತ್ತು. ಜನಕ್ಕೆ ಅಷ್ಟು ಸಾಕಾಗಿತ್ತು. ವೇಲ್ಸ್‌ನಿಂದ ಬಂದ ಈ ಸ್ಟ್ರೈಕರ್ ಇಂಗ್ಲೆಂಡಿನಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದವನು. ಎಲ್ಲಿಯೂ ಪೆನಾಲ್ಟಿ ತಪ್ಪಿದವನಲ್ಲ.

ಗೆಥಿನ್ ಚುಕ್ಕೆಯನ್ನು ಒಮ್ಮೆ ನೋಡಿದ. ಚೆಂಡನ್ನು ಡಿಫೆಂಡರ್ ಬಾರ್ಲೋನ ಎದೆಗೆ ಒತ್ತಿದ.

"ನೀನ್ ಹೊಡಿ. ನನ್ ಕೈಲಾಗಲ್ಲ."

ಬೆನ್ನು ತಿರುಗಿಸಿ ನಡೆದೇಬಿಟ್ಟ. ಬಾರ್ಲೋ ಜನ್ಮದಲ್ಲಿ ಪೆನಾಲ್ಟಿ ಹೊಡೆದವನಲ್ಲ. ಚೆಂಡು ಗೋಲಿನ ಮೇಲಿಂದ ಹಾರಿ ಜನರ ನಡುವೆ ಬಿತ್ತು. ಕ್ಲಬ್ಬು ಮುಳುಗಿತು.

ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮ್ಯಾನೇಜರ್ ರಡ್ಜ್ ಅವನ ಮುಂದೆ ಬಂದು ನಿಂತ.

"ಯಾರಿಗೆ ಮಾರ್ಕೊಂಡ್ಯೋ ನಮ್ಮನ್ನ?"

"ಯಾರಿಗೂ ಇಲ್ಲ, ಬಾಸ್."

"ಮಂಡಿ ನೋವಾ?"

"ಇಲ್ಲ."

"ಅಕ್ಟೋಬರ್‌ನಲ್ಲಿ ಆ ಕಡೆ ಗೋಲಿಗೆ ಕಣ್ಮುಚ್ಕೊಂಡು ಹೊಡೆದ್ಯಲ್ಲ. ಇವತ್ ಈ ಕಡೆ ಏನ್ ಬಂತು ರೋಗ?"

ಗೆಥಿನ್ ಬೂಟಿನ ದಾರ ಬಿಚ್ಚುತ್ತಿದ್ದ. ಬಾರ್ಲೋ ಮೂಲೆಯಲ್ಲಿ ಟವೆಲ್ಲು ಮುಖಕ್ಕೆ ಹಾಕಿಕೊಂಡು ಅಳುತ್ತಿದ್ದ. ಅದನ್ನು ಕೇಳುತ್ತ ಕೂರುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಹಾಗೆ ನೋಡಿದರೆ ಗೆಥಿನ್‌ನ ನಸೀಬು ಖುಲಾಯಿಸಿದ್ದೇ ಈ ಊರಿನಲ್ಲಿ, ಇದೇ ರೈಲ್ವೆ ಬದಿಯ ಗೋಲಿನಲ್ಲಿ. ಇಪ್ಪತ್ತರ ಹುಡುಗ ಅಲ್ಲೊಂದು ಪೆನಾಲ್ಟಿ ಹೊಡೆದು ಹಾರ್ಕ್‌ಫರ್ಡ್‌ಗೆ ಕಪ್ಪು ಗೆಲ್ಲಿಸಿಕೊಟ್ಟ ದಿನ, ಗೋಲಿನ ಹಿಂದೆ ಅವನ ಅಪ್ಪ ಎಲ್ಫೆಡ್ ಅಪರಿಚಿತರನ್ನೆಲ್ಲ ತಬ್ಬಿಕೊಂಡು ಅತ್ತಿದ್ದ. ಆಮೇಲೆ ಕ್ಲಬ್ಬು ಹುಡುಗನನ್ನು ಮಾರಿತು. ಹಲ್, ಪ್ಲಿಮತ್ ಊರುಗಳ ಕ್ಲಬ್ಬು, ಮತ್ತೊಂದು, ಮಗದೊಂದು. ವೇಲ್ಸಿನ ಬೆಥೆಸ್ಡಾದ ಕಲ್ಲುಗಣಿಯಲ್ಲಿ ವಾರವೆಲ್ಲ ದುಡಿದ ಎಲ್ಫೆಡ್, ಶನಿವಾರ ಬಂತೆಂದರೆ ಹೆಂಡತಿ ಕಟ್ಟಿಕೊಟ್ಟ ಬ್ರೆಡ್ಡು, ಚಹಾದ ಫ್ಲಾಸ್ಕು ಹಿಡಿದು ಬಸ್ಸು ಹತ್ತುತ್ತಿದ್ದ. ಮಗ ಎಲ್ಲಿ ಆಡಿದರೆ ಅಲ್ಲಿಗೆ.

ಎಲ್ಫೆಡ್ ಒಂದು ಚಳಿಗಾಲದಲ್ಲಿ ತೀರಿಕೊಂಡ. ಮುಂದಿನ ಆಗಸ್ಟ್‌ನಲ್ಲಿ ಗೆಥಿನ್ ಅರ್ಧ ಸಂಬಳಕ್ಕೆ ಒಪ್ಪಿ ಹಾರ್ಕ್‌ಫರ್ಡ್‌ಗೆ ಮರಳಿದ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ಬಂದವನು ಎದುರುಬದಿಯ ಗೋಲಿಗೆ ಸಲೀಸಾಗಿ ಹೊಡೆಯುತ್ತಿದ್ದ. ರೈಲ್ವೆ ಬದಿಗೆ ಆಡುವಾಗ ಮಾತ್ರ ನಡುವೆ ನುಗ್ಗದೆ ಅಂಚಿನಲ್ಲೇ ಸುತ್ತುತ್ತಿದ್ದ. ಬಂಗಾರದಂಥ ಅವಕಾಶಗಳು ಮಣ್ಣುಪಾಲಾದವು. ಪತ್ರಿಕೆಗಳು ವಯಸ್ಸಾಯಿತೆಂದು ಬರೆದವು. "ಕುರಿ ಕಾಯೋಕ್ ಹೋಗೋ, ಟಾಫಿ" ಎಂದು ಜನ ಕೂಗಿದರು. ವೇಲ್ಸಿನವರನ್ನು ಟಾಫಿ ಎಂದು ಹಂಗಿಸುವ ಇಂಗ್ಲಿಷರ ಈ ಆಶೀರ್ವಾದ ಹೊಸದೇನಲ್ಲ.

ಸೋಮವಾರ ಕ್ಲಬ್ಬು ಅವನನ್ನು ಕೈಬಿಟ್ಟಿತು. ಇನ್ಯಾವ ಕ್ಲಬ್ಬೂ ಅವನನ್ನು ಮುಟ್ಟುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಸಾಮಾನು ಕಟ್ಟಿ, ಮೈದಾನ ನೋಡಿಕೊಳ್ಳುವ ಮುದುಕ ವಿಲ್ಫ್‌ಗೆ ಹೇಳಿಹೋಗಲು ಬಂದ. ವಿಲ್ಫ್ ರೈಲ್ವೆ ಬದಿಯಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದ.

"ಯಾಕ್ ಮಗಾ ಹಿಂಗ್ ಮಾಡ್ದೆ? ಊರೆಲ್ಲ ನಿನ್ ಜನ್ಮ ಜಾಲಾಡ್ತಿದೆ."

"ಬೇರೆಯವರು ಕೇಳ್ಲಿ. ನೀವೂ ಕೇಳ್ತೀರಲ್ಲ, ವಿಲ್ಫ್."

"ನಂಗೇನ್ ಗೊತ್ತು?"

"ಅಪ್ಪನ ಬೂದಿ ಈ ಚುಕ್ಕೆ ಮೇಲೆ ಹಾಕಿದ್ದು ನಾವಿಬ್ರೇ ಅಲ್ವಾ? ಅಪ್ಪನ್ ಎದೆ ಮೇಲೆ ಕಾಲೂರಿ ಹೆಂಗ್ ಒದೀಲಿ?"

ವಿಲ್ಫ್‌ನ ಕೈಯಿಂದ ಕೊಳವೆ ಜಾರಿತು. ಮೈದಾನದಲ್ಲಿ ಬೂದಿ ಹಾಕಬಾರದೆಂದು ಕ್ಲಬ್ಬಿನ ಕಟ್ಟಪ್ಪಣೆ ಇತ್ತು, ಹುಲ್ಲು ಸುಟ್ಟುಹೋಗುತ್ತದೆಂದು. ಎಲ್ಫೆಡ್‌ನ ಕೊನೆಯ ಆಸೆ ಅದೇ ಆಗಿದ್ದರಿಂದ, ಅವನು ತೀರಿಕೊಂಡ ಆ ಚಳಿಗಾಲದಲ್ಲೇ ಒಂದು ಸಂಜೆ ಇಬ್ಬರೂ ಕದ್ದು ಹಾಕಿದ್ದರು. ಸುದ್ದಿ ಹೊರಬಿದ್ದರೆ ವಿಲ್ಫ್‌ನ ಕೆಲಸ, ಕ್ಲಬ್ಬು ಕೊಟ್ಟ ಮನೆ, ಎರಡೂ ಹೋಗುತ್ತಿದ್ದವು.

"ರಡ್ಜ್‌ಗೆ ಹೇಳ್ಬಿಡ್ಬೋದಿತ್ತಲ್ಲೋ."

"ಹೇಳಿದ್ರೆ ನೀವೆಲ್ಲಿ ಇರ್ತಿದ್ರಿ?"

ಮುದುಕ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ಮತ್ತೆ... ಅರ್ಧ ಸಂಬಳಕ್ಕೆ ವಾಪಸ್ ಬಂದಿದ್ದು?"

"ಇನ್ನೇನಕ್ಕೆ? ಎಲ್ಲಾ ಕ್ಲಬ್ಬಿಗೂ ಅಪ್ಪನೇ ನನ್ ಹಿಂದೆ ಬಂದ್ರು. ಒಂದ್ ಸಲನಾದ್ರೂ ನಾನು ಅವ್ರ್ ಹತ್ರ ಬರ್ಬೇಕಿತ್ತು."

ಗೆಥಿನ್ ಮಂಡಿಯೂರಿ ಚುಕ್ಕೆಯ ಪಕ್ಕದ ಹುಲ್ಲಿನ ಮೇಲೆ ಅಂಗೈ ಇಟ್ಟ. ತನ್ನ ಭಾಷೆಯಲ್ಲಿ ಏನೋ ಹೇಳಿದ. ವಿಲ್ಫ್‌ಗೆ ಮಾತು ತಿಳಿಯಲಿಲ್ಲ, ಅಳು ತಿಳಿಯಿತು.

"ಒಂದ್ ಹಿಡಿ ಮಣ್ ತಗೊಂಡ್ ಹೋಗ್ಲಾ? ಅಮ್ಮ ಕೇಳಿದ್ದಾಳೆ. ಅಪ್ಪ ಮನೇಗ್ ಬರ್ಲಿ ಅಂತ."

ವಿಲ್ಫ್ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಕರಣೆ ತಂದು, ತಾನೇ ಬಗ್ಗಿ ಅಗೆದು, ತನ್ನ ಕರವಸ್ತ್ರದಲ್ಲಿ ಮಣ್ಣು ಕಟ್ಟಿಕೊಟ್ಟ. ಗೆಥಿನ್ ಅದನ್ನು ಕೋಟಿನೊಳಗೆ ಎದೆಗೆ ಒತ್ತಿಟ್ಟುಕೊಂಡು ಗೇಟು ದಾಟಿದ.

ಆ ಆಗಸ್ಟ್‌ನಲ್ಲಿ ಗೆಥಿನ್ ಕ್ಲಬ್ಬಿಗೆ ಮರಳುವ ಮೊದಲೇ, ಬೂದಿ ಹಾಕಿದ ಮುಂದಿನ ಜೂನ್‌ನಲ್ಲಿ, ಚರಂಡಿ ಕೊಳವೆ ಹಾಕಲೆಂದು ರೈಲ್ವೆ ಬದಿಯ ಹಳೆಯ ಮಣ್ಣನ್ನೆಲ್ಲ, ಆ ಚುಕ್ಕೆಯ ಕೆಳಗಿನದನ್ನೂ ಸೇರಿಸಿ, ಅಗೆಸಿ, ಮುಂದೆ ನಿಂತು ಲಾರಿಗೆ ಹೇರಿಸಿ, ಊರಾಚೆಯ ಕಸದ ಗುಂಡಿಗೆ ಕಳಿಸಿದವನು ವಿಲ್ಫ್.