ಮಾರಿದ ಮಾತು

ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶಿವಗಂಗಾ ಶುರುಮಾಡಿದ ಸಾಫ್ಟ್‌ವೇರ್ ಕಂಪನಿ ಇವತ್ತು ಮಾರಾಟವಾಯಿತು. ಅಂಗಡಿಕಾರರ ವ್ಯವಹಾರ ನೋಡಿಕೊಳ್ಳುತ್ತ, ಅವರ ಬಾಯಿಮಾತಿನಲ್ಲೇ ಮಾತಾಡುತ್ತಿದ್ದ ಸಾಫ್ಟ್‌ವೇರ್ ಅದು. ಹಾಗಾಗಿಯೇ ಊರೂರಿಗೆ ಹಬ್ಬಿತ್ತು. ಕಂಪನಿ ಕೊಂಡವರಿಗೆ ಅದರ ಸಾಫ್ಟ್‌ವೇರ್ ಆಡುವ ಮಾತುಗಳೂ ಸೇರುವುದು ಎಲ್ಲ ಕಡೆಯ ರೂಢಿ. ಮಾರಿದವರ ನಾಲಿಗೆಯ ಮೇಲೆ ಅವು ಮತ್ತೆ ಹೊರಳುವುದಿಲ್ಲ.

ಸಹಿ ಹಾಕುತ್ತಿದ್ದಂತೆ ಅವಳ ನಾಲಿಗೆಯಿಂದ ‘ಕೊಸರು’ ಎಂಬ ಮಾತು ಹೋಯಿತು. ಇನ್ನು ಸಂತೆಯಲ್ಲಿ ಮೇಲೊಂದು ಹಿಡಿ ಸೊಪ್ಪಿಗೆ ಕೈಸನ್ನೆ ಮಾಡಿದರಾಯಿತು ಎಂದುಕೊಂಡಳು. ಬೇಸರಪಡುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಬ್ಯಾಗು ಹೆಗಲಿಗೇರಿಸಿ ಕಂಪನಿಯ ಗೇಟಿಗೆ ಬಂದಾಗ ಮುದುಕ ವಾಚ್‌ಮನ್ ಫಕೀರಪ್ಪ ಎದ್ದು ನಿಂತ.

“ಹೊಂಟ್ರೇನ್ರಿ ಅಕ್ಕಾರ?”

ದಿನಾ ಹೇಳುವ ಮಾತಿಗೆ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ‘ಬರ್ತೀನ್ರಿ’ ಅನ್ನಬೇಕೆಂದು ಸಾಫ್ಟ್‌ವೇರಿಗೆ ಕಲಿಸಿದವಳು ಅವಳೇ.

“ಹೋಗ್ತೀನಿ ಕಾಕಾ.”

ಫಕೀರಪ್ಪ ಗಾಬರಿಯಾದ. “ಹಂಗನಬಾರದ್ರಿ ಅಕ್ಕಾರ! ಬಿಡ್ತು ಅನ್ರಿ, ಬಿಡ್ತು ಅನ್ರಿ!”

ಆ ಮಾತನ್ನು ಇನ್ನೂ ಯಾರೂ ಕೊಂಡಿರಲಿಲ್ಲ.

“ಬಿಡ್ತು ಕಾಕಾ,” ಎಂದು ಶಿವಗಂಗಾ ರಸ್ತೆಗಿಳಿದಳು.