ಅಪ್ಪ ಕೊನೆಗೆ ಬಿಟ್ಟ ಗೋಡೆ

ನನ್ನ ಮೊಮ್ಮಗಳು ಹತ್ತನೆಯದು ಪಾಸಾದಳು! ಅಪ್ಪ-ಅವ್ವನ ಕೆಲಸದ ಜಾಗ ಬದಲಾದಂತೆಲ್ಲ ಶಾಲೆ ತಪ್ಪಿಸಿಕೊಂಡ ಹುಡುಗಿ, ಪಣಜಿಯ ರವಿವಾರದ ತರಗತಿಗೆ ಹೋಗಿ, ಮುಕ್ತ ಶಾಲೆಯ ಪರೀಕ್ಷೆ ಬರೆದು ಗೆದ್ದಳು. ಪೇಢೆ ಹಂಚಲು ಎದುರಿನ ಹೊಸ ಕಟ್ಟಡಕ್ಕೆ ಹೋದ ನಾನು, ಹಸಿ ಸಿಮೆಂಟಿನ ವಾಸನೆ ಬಡಿದು ಅಲ್ಲೇ ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಪ್ಪ ಗೋವಾದ ಪರ್ವರಿಯಲ್ಲಿ ಗೌಂಡಿ. ಅವನು ಕಟ್ಟುತ್ತಿದ್ದ ಮನೆಯೊಳಗೇ ಮಧ್ಯಾಹ್ನ ಅಕ್ಕೋರೊಬ್ಬರು ಬಂದು ಕೂಲಿಯವರ ಮಕ್ಕಳಿಗೆ ಕಲಿಸುತ್ತಿದ್ದರು. ಹಲಗೆ ಇರಲಿಲ್ಲ, ಸಿಮೆಂಟಿನ ಗಿಲಾವು ಬಳಿಯದ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಆ ಒರಟು ಕೆಂಪು ಕಲ್ಲಿನ ಮೇಲೆ ಅಕ್ಷರ ತಿದ್ದಿದರೆ ಬೆರಳು ತರಚುತ್ತಿತ್ತು.

ಒಂದು ದಿನ ಆ ಗೋಡೆಗೂ ಗಿಲಾವಿನ ಪಾಳಿ ಬಂತು.

"ನಾಳೆ ವಾಸ್ಕೋಕ್ಕ ಹೊಂಟೇವ್ರಿ ಅಕ್ಕೋರ, ಅಲ್ಲಿ ಕೆಲಸ ಸಿಕ್ಕೈತಿ," ಎಂದ ಅಪ್ಪ.

"ಅಲ್ಲಿ ಇಂಥಾ ಸಾಲಿ ಐತೇನ್ರಿ?"

ಅಪ್ಪ ಗೋಡೆಯ ಕಡೆ ತಿರುಗಿದ. ನಾಲ್ಕೂ ಬದಿಯಿಂದ ಬಳಿಯುತ್ತ ಬಂದು, ನಡುವೆ ಅಕ್ಷರಗಳಿದ್ದ ಜಾಗವನ್ನು ಕೊನೆಗೆ ಬಿಟ್ಟ.

"ಲಗೂನ ಓದವ್ವಾ. ಸಿಮೆಂಟ್ ಗಟ್ಟಿ ಆಗಾಕತ್ತೈತಿ."

ಓದಿದೆ. "ಇನ್ನೊಮ್ಮೆ ಓದು," ಎಂದ. ಮತ್ತೆ ಓದಿದೆ.

"ಏನ್ಲೇ, ಮಗಳನ್ನ ಕಲೆಕ್ಟರ್ ಮಾಡ್ತೀಯೇನು?" ಎಂದು ಮೇಸ್ತ್ರಿ ಕೂಗಿದ. ಅಪ್ಪ ನನ್ನ ಮುಖ ನೋಡದೆ ಕರಣೆ ಎತ್ತಿ, ಅಕ್ಷರಗಳ ಮೇಲೂ ಗಿಲಾವು ಬಳಿದ. ವಾಸ್ಕೋದಲ್ಲಿ ಶಾಲೆ ಇರಲಿಲ್ಲ; ನನ್ನ ಪಾಲಿಗೆ ಬಂದದ್ದು ದಿನವಿಡೀ ಕಂಕುಳಲ್ಲಿ ಹೊರಬೇಕಾದ ತಮ್ಮ.

ಪೇಢೆ ಹಂಚಿ ಬಂದ ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕುಳಿತೆವು.

"ಅಜ್ಜಿ, ಈ ರವಿವಾರ ನಿನ್ನನ್ನೂ ಸಾಲಿಗಿ ಹಚ್ತೇನಿ," ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ, "ಖರೇನ ಹಚ್ತೀಯೇನ?" ಎಂದು ಕೇಳಿದೆ. ಯಾರೂ ನಗಲಿಲ್ಲ. ಸೊಸೆ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.